ಶಾಲೆಗೆ ನಡೆದು ಹೋಗುವಷ್ಟು ದೂರದಲ್ಲೊಂದು ಮನೆ

ಮಗಳಿಗೆ ಶಿವಮೊಗ್ಗದಲ್ಲಿ ಎಂಟನೇ ತರಗತಿಗೆ ಸೀಟು ಸಿಕ್ಕಿತು ಎಂದು ಫೋನ್ ಬಂದದ್ದು 2025ರ ಏಪ್ರಿಲ್ ಮೊದಲ ವಾರ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದೆವು. ಅತ್ತೆ ಕೇಳಿದ ಮೊದಲ ಮಾತೇ, “ಸೀಟೇನೋ ಸಿಕ್ತು, ಹುಡ್ಗಿ ಇರೋದು ಎಲ್ಲಿ?”

ನಮ್ಮ ಮನೆ ಮಂಡಗದ್ದೆ ಹತ್ತಿರ, ಟಾರು ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಒಳಗೆ. ಊರಿನ ಶಾಲೆ ಏಳಕ್ಕೇ ಮುಗಿಯುತ್ತದೆ. ಅತ್ತ ತೀರ್ಥಹಳ್ಳಿ, ಇತ್ತ ಶಿವಮೊಗ್ಗ, ಎರಡೂ ಸುಮಾರು ಮೂವತ್ತು ಕಿಲೋಮೀಟರ್. ದಿನಾ ಬಸ್ಸಿನಲ್ಲಿ ಓಡಾಡಿಸಿದರೆ ಹೇಗೆ ಎಂದೂ ಲೆಕ್ಕ ಹಾಕಿದೆವು. ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕು, ವಾಪಸ್ ಬರುವಾಗ ಆರೂವರೆ. ಮಳೆಗಾಲದಲ್ಲಿ ಆ ಹೊತ್ತಿಗೆ ನಮ್ಮ ಕಾಡುದಾರಿಯಲ್ಲಿ ಕತ್ತಲು, ರಕ್ತ ಹೀರುವ ಇಂಬಳ ಬೇರೆ. ಮೇಲಾಗಿ ಅವಳಿಗೆ ಬಸ್ಸಿನಲ್ಲಿ ವಾಂತಿ. ಸಕ್ರೆಬೈಲು ಆನೆ ಬಿಡಾರ ದಾಟುವಷ್ಟರಲ್ಲೇ ಮುಖ ಬಿಳಿಚಿಕೊಂಡಿರುತ್ತದೆ. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ ನಿಜ, ಆದರೆ ನಮ್ಮ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಹಾಸ್ಟೆಲ್ ಎಂದ ಕೂಡಲೇ ಮಗಳು ಎದ್ದು ಕೊಟ್ಟಿಗೆಗೆ ಹೋಗಿ ಕೂತಳು. ಅಲ್ಲಿಗೆ ಆ ಮಾತು ಮುಗಿಯಿತು.

ಉಳಿದದ್ದು ಪೇಟೆಯಲ್ಲಿ ಬಿಡಾರ. ನಮ್ಮ ಕಡೆ ಇದು ಹೊಸದಲ್ಲ. ಗಂಡ ತೋಟದಲ್ಲಿ, ಹೆಂಡತಿ ಮಕ್ಕಳ ಜೊತೆ ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ; ನಮ್ಮ ಸುತ್ತಿನ ಎಷ್ಟೋ ಮನೆಗಳು ಹೀಗೆ ಎರಡಾಗಿ ನಡೆಯುತ್ತಿವೆ. ನನಗೆ ಭಯ ಇದ್ದದ್ದು ದುಡ್ಡಿನದು. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಎರಡು ಎಕರೆ ಅಡಿಕೆ ತೋಟದ ಫಸಲು ಮೊದಲಿನ ಹಾಗಿಲ್ಲ. ಬಾಡಿಗೆಗೆ ತಿಂಗಳಿಗೆ ಹತ್ತು ಸಾವಿರದ ಮೇಲೆ ಒಂದು ರೂಪಾಯಿಯೂ ಸಾಧ್ಯವಿಲ್ಲ, ಅಡ್ವಾನ್ಸಿಗೆ ಎಪ್ಪತ್ತು ಸಾವಿರ, ಅಷ್ಟೇ ಎಂದು ನಮ್ಮನೆಯವರು ಹೇಳಿಬಿಟ್ಟರು. ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಏಪ್ರಿಲ್ ಎರಡನೇ ವಾರದಿಂದ ಮೇ ಮಧ್ಯದವರೆಗೆ ಒಂಬತ್ತು ಸಲ ಶಿವಮೊಗ್ಗಕ್ಕೆ ಹೋಗಿ ಬಂದೆ, ಹತ್ತೊಂಬತ್ತು ಮನೆ ನೋಡಿದೆ.

ಶಾಲೆ ಇರುವುದು ದುರ್ಗಿಗುಡಿ ಹತ್ತಿರ. ಬಟ್ಟೆ ಅಂಗಡಿ, ಆಸ್ಪತ್ರೆ, ಔಷಧಿ ಅಂಗಡಿ, ಟ್ಯೂಷನ್ ಎಲ್ಲವೂ ಒತ್ತಿಕೊಂಡಿರುವ ಜಾಗ. ಅಲ್ಲಿ ಮನೆಗಿಂತ ಮಳಿಗೆಗೆ ಬೆಲೆ ಜಾಸ್ತಿ, ಇದ್ದ ಮನೆಗಳಲ್ಲೂ ಎಷ್ಟೋ ಪಿಜಿಗಳಾಗಿವೆ. ಅದು ಗೊತ್ತಿಲ್ಲದ ನಾನು ಮೊದಲ ದಿನ ಅಣ್ಣನ ಸ್ನೇಹಿತರು ಹೇಳಿದ ಹಾಗೆ ಗೋಪಾಲ ಬಡಾವಣೆಗೆ ಹೋದೆ. ಚಂದದ ಮನೆ. ಎರಡು ರೂಮು, ಎದುರಿಗೆ ಪಾರಿಜಾತದ ಗಿಡ, ಎಂಟೂವರೆ ಸಾವಿರ ಬಾಡಿಗೆ. ಆಗಲೇ ಅಡ್ವಾನ್ಸ್ ಕೊಟ್ಟುಬಿಡಬೇಕು ಅನ್ನಿಸಿತ್ತು. ಆದರೆ ಶಾಲೆಗೆ ಮೂರು ಕಿಲೋಮೀಟರಿಗೂ ಮೇಲೆ. ಶಾಲೆ ಆಟೋದವರು ಕೇಳಿದ್ದು ತಿಂಗಳಿಗೆ 1,800 ರೂಪಾಯಿ. ಬಾಡಿಗೆಗೆ ಅದನ್ನು ಸೇರಿಸಿದರೆ ಹತ್ತು ಸಾವಿರದ ಮೇಲೇ ಆಯಿತು. ಆಟೋ ಬಾರದ ದಿನ ಹೆಣ್ಣುಮಗು ಏನು ಮಾಡಬೇಕು? ಬಸ್ಸಿನ ವಾಂತಿ ತಪ್ಪಿಸಲೆಂದು ಮನೆ ಮಾಡಿ, ಹತ್ತು ಮಕ್ಕಳನ್ನು ತುಂಬಿಕೊಂಡ ಆಟೋದಲ್ಲಿ ಅವಳನ್ನು ಕಳಿಸಲು ನನಗೆ ಮನಸ್ಸಾಗಲಿಲ್ಲ. ನಡೆದು ಹೋಗುವಷ್ಟು ದೂರದಲ್ಲೇ ಮನೆ ಆಗಬೇಕು ಎಂದು ಆ ದಿನ ವಾಪಸ್ ಬರುವ ಬಸ್ಸಿನಲ್ಲಿ ನಿಶ್ಚಯ ಮಾಡಿದೆ. ಮುಂದಿನ ಹುಡುಕಾಟವೆಲ್ಲ ತಿಲಕನಗರ, ಜಯನಗರ, ರಾಜೇಂದ್ರನಗರ, ಹೊಸಮನೆ ಸುತ್ತಲೇ ನಡೆಯಿತು.

ಬ್ರೋಕರ್ ಒಬ್ಬರನ್ನು ಹಿಡಿದೆ. ಮನೆ ತೋರಿಸಲಿಕ್ಕೆ ಮುನ್ನೂರು, ಮನೆ ಆದರೆ ಒಂದು ತಿಂಗಳ ಬಾಡಿಗೆ. ಅವರು ತೋರಿಸಿದ ನಾಲ್ಕು ಮನೆಗಳಲ್ಲಿ ಎರಡು ಆಗಲೇ ಬೇರೆಯವರಿಗೆ ಆಗಿಹೋಗಿದ್ದವು, ಒಂದಕ್ಕೆ ಹದಿಮೂರು ಸಾವಿರ ಬಾಡಿಗೆ. ನಾಲ್ಕನೆಯದು ಹಿಡಿಸಿತು. ಮೇಲಿನ ಮಹಡಿ, ಗಾಳಿ ಬೆಳಕು ಚೆನ್ನಾಗಿತ್ತು, ಶಾಲೆ ಕೂಗಳತೆಯಲ್ಲಿತ್ತು. ಮನೆ ಯಜಮಾನಿ ಕಾಫಿ ಕೊಟ್ಟರು, ಮಗಳ ಓದು ಕೇಳಿದರು, ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು.

“ನೀವು ಯಾವ ಪೈಕಿ?”

ಹೇಳಿದೆ.

“ಹಾಗಾದ್ರೆ ಮೀನು ಕೋಳಿ ಎಲ್ಲ ಮಾಡ್ತೀರಿ ಅಲ್ವಾ? ನಮ್ಗೇನೂ ಇಲ್ಲ, ಮನೇಲಿ ದೊಡ್ಡೋರಿದಾರೆ, ವಾಸನೆ ಆಗಲ್ಲ ಅಂತಾರೆ.”

ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದೆ. ಹತ್ತೊಂಬತ್ತು ಮನೆಗಳಲ್ಲಿ ಏಳು ಕಡೆ ಈ ಪ್ರಶ್ನೆ ಬಂತು. ಕೆಲವರು ಬಾಗಿಲಲ್ಲೇ ಕೇಳಿದರು, ಕೆಲವರು ಬೋರ್ಡಿನ ಮೇಲೇ ಬರೆಸಿದ್ದರು. ಅವರ ಮನೆ, ಅವರ ಅಡುಗೆಮನೆಯ ನೇಮ ಅವರಿಗೆ. ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಊಟದ ಮಾತು ಎಂದು ಶುರುವಾದದ್ದು ಪ್ರತಿ ಸಲವೂ ಜಾತಿಯಲ್ಲೇ ಹೋಗಿ ನಿಲ್ಲುತ್ತಿತ್ತು. ಒಂದು ಕಡೆ ನಾನು, “ಅಮ್ಮ, ಇಲ್ಲಿರುವಷ್ಟು ದಿನ ಮನೆಯೊಳಗೆ ಮಾಡೋದಿಲ್ಲ” ಎಂದೂ ಹೇಳಿದೆ. ಆದರೂ ಆಗಲಿಲ್ಲ. ಆವತ್ತು ಮಗಳೂ ಜೊತೆಗಿದ್ದಳು. ಮೆಟ್ಟಿಲಿಳಿಯುವಾಗ ಅವಳು, “ಅಮ್ಮ, ನಾವು ಯಾವ ಪೈಕಿ ಅಂದ್ರೆ ಅವ್ರಿಗೆ ಯಾಕೆ ಬೇಕು?” ಅಂದಳು. ಊರಿನಲ್ಲಿ ಅವಳಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಎಲ್ಲರೂ ಗೊತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳನ್ನು ಮತ್ತೆ ಮನೆ ನೋಡಲು ಕರೆದುಕೊಂಡು ಹೋಗಲಿಲ್ಲ.

ಭೋಗ್ಯದ ಮನೆಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಹಳ್ಳಿಯಿಂದ ಬರುವವರು ಎಡವುವುದು ಅಲ್ಲೇ. ಮನೆಯವರಿಗೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಆ ಹಣ ವಾಪಸ್. ಲೀಸ್ ಅಂತಲೂ ಹೇಳುತ್ತಾರೆ. ನಮಗೆ ಬಂದದ್ದು ಆರು ಲಕ್ಷ, ಮೂರು ವರ್ಷ. ಮೂರು ವರ್ಷ ಅಂದರೆ ಸರಿಯಾಗಿ ಮಗಳ ಎಸ್ಸೆಸ್ಸೆಲ್ಸಿ ಮುಗಿಯುತ್ತದೆ. ಸೊಸೈಟಿಯಲ್ಲಿ ಸಾಲ ತೆಗೆದಾದರೂ ಕೊಟ್ಟುಬಿಡೋಣ ಎಂದು ನಮ್ಮನೆಯವರೂ ಒಪ್ಪಿದ್ದರು. ಮನೆಯವರು ಅವಸರ ಮಾಡುತ್ತಿದ್ದರು, ಎರಡು ದಿನದಲ್ಲಿ ಹಣ ಬೇಕು, ಬಿಳಿ ಹಾಳೆಯಲ್ಲೇ ಬರೆದುಕೊಳ್ಳೋಣ, ನೋಂದಣಿ ಗೀಂದಣಿ ಯಾಕೆ ಸುಮ್ಮನೆ ಖರ್ಚು ಎಂದರು.

ಆ ಅವಸರವೇ ನನಗೆ ಸರಿ ಕಾಣಲಿಲ್ಲ. ಖಾತೆಯ ಒಂದು ಪ್ರತಿ ಕೇಳಿ ತೆಗೆದುಕೊಂಡು, ಉಪ ನೋಂದಣಾಧಿಕಾರಿ ಕಚೇರಿ ಹತ್ತಿರ ಕೂರುವ ಪತ್ರ ಬರಹಗಾರರೊಬ್ಬರಿಗೆ ತೋರಿಸಿದೆ. ವಯಸ್ಸಾದವರು. ಕನ್ನಡಕ ಮೇಲೇರಿಸಿ ಹೇಳಿದರು, “ತಂಗೀ, ಮೊದಲು ಇಸಿ ತೆಗ್ಸು. ಆಮೇಲೆ ಮಾತು.” ಇಸಿ ಎಂದರೆ ಋಣಭಾರ ಪತ್ರ. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ ಏನೇನಿದೆ ಎಂಬುದು ಅದರಲ್ಲಿ ಬರುತ್ತದೆ. ಈಗ ಕಾವೇರಿ ಪೋರ್ಟಲಿನಲ್ಲೇ ಅರ್ಜಿ ಹಾಕಬಹುದು. ಏನೂ ವ್ಯವಹಾರ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ, ಇದ್ದರೆ ನಮೂನೆ 15. ನಮಗೆ ಬಂದದ್ದು 15. ಮನೆ ಒಂದು ಬ್ಯಾಂಕಿಗೆ ಅಡವಾಗಿತ್ತು. ಸಾಲ ಕಟ್ಟದೆ ಹೋದರೆ ಬ್ಯಾಂಕಿನವರ ಹಕ್ಕು ಮೊದಲು, ನಮ್ಮ ಆರು ಲಕ್ಷ ಆಮೇಲೆ ಎಂದು ಅವರು ತಿಳಿಸಿ ಹೇಳಿದರು. ಒಂದು ವರ್ಷ ಮೀರಿದ ಗುತ್ತಿಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಆಗಲೇಬೇಕು, ಬಿಳಿ ಹಾಳೆ ಹಿಡಿದುಕೊಂಡು ಕೋರ್ಟಿಗೆ ಹೋದರೆ ನಿಲ್ಲುವುದು ಕಷ್ಟ ಎಂದೂ ಹೇಳಿದರು. ಇಷ್ಟೆಲ್ಲ ಹೇಳಿ ಅವರು ತೆಗೆದುಕೊಂಡದ್ದು ನೂರು ರೂಪಾಯಿ. ಮೂರು ವರ್ಷದ ಅಡಿಕೆ ದುಡ್ಡು ಉಳಿಸಿಕೊಟ್ಟವರು, ನಾನು ಅವರನ್ನು ಮರೆಯುವುದಿಲ್ಲ.

ತುಂಗೆಯ ದಡಕ್ಕೆ ಹತ್ತಿರವಿದ್ದ ಇನ್ನೊಂದು ಮನೆ ಆರೂವರೆ ಸಾವಿರಕ್ಕೇ ಸಿಗುತ್ತಿತ್ತು. ಹಂಚಿನ ಮನೆ, ಹಿತ್ತಿಲಲ್ಲಿ ಬಾವಿ, ನನಗೆ ಊರಿನ ಮನೆಯೇ ಕಂಡ ಹಾಗಾಯಿತು. ಹೊರಗೆ ಬರುವಾಗ ಪಕ್ಕದ ಮನೆಯ ಅಜ್ಜಿ ಗೋಡೆ ತೋರಿಸಿದರು. ಸುಣ್ಣ ಬಳಿದಿದ್ದರೂ ನನ್ನ ಸೊಂಟದ ಎತ್ತರಕ್ಕೆ ಮಸುಕಾದ ಒಂದು ಗೆರೆ ಕಾಣುತ್ತಿತ್ತು, 2019ರ ಆಗಸ್ಟ್ ನೆರೆಯದು. ಗಾಜನೂರು ಅಣೆಕಟ್ಟೆಯಿಂದ ನೀರು ಜಾಸ್ತಿ ಬಿಟ್ಟಾಗ ಹೊಳೆಯ ನಡುವಿನ ಕೋರ್ಪಲಯ್ಯನ ಮಂಟಪ ಮುಳುಗಿತೇ ಎಂದು ನೋಡಲು ಶಿವಮೊಗ್ಗದವರು ಸೇತುವೆ ಮೇಲೆ ನಿಲ್ಲುತ್ತಾರೆ. ತಗ್ಗಿನ ಕೇರಿಯವರು ಆ ಹೊತ್ತಿಗೆ ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸುತ್ತಿರುತ್ತಾರೆ. ನಮ್ಮನೆಯವರಾದರೂ ಜೊತೆಗಿದ್ದರೆ ಆ ಮನೆ ಹಿಡಿಯುತ್ತಿದ್ದೆನೇನೋ. ಹದಿಮೂರರ ಹುಡುಗಿಯನ್ನು ಇಟ್ಟುಕೊಂಡು ಒಬ್ಬಳೇ ಇರುವವಳಿಗೆ ಅಷ್ಟು ಧೈರ್ಯ ಬರಲಿಲ್ಲ.

ಕೊನೆಗೆ ಮನೆ ಸಿಕ್ಕಿದ್ದು ಹಾಲಿನ ಬೂತಿನಿಂದ. ಬ್ರೋಕರ್ ಬಿಟ್ಟು ನಾನೇ ಗಲ್ಲಿ ಗಲ್ಲಿ ನಡೆಯಲು ಶುರು ಮಾಡಿದ ಮೂರನೇ ದಿನ, ಹೊಸಮನೆಯ ನಂದಿನಿ ಬೂತಿನಲ್ಲಿ ಮಜ್ಜಿಗೆ ಪ್ಯಾಕೆಟ್ ಕೊಂಡು ನಿಂತಿದ್ದೆ. ಬೂತಿನವರೇ ಕೇಳಿದರು, “ನಿನ್ನೇನೂ ಇಲ್ಲೇ ಓಡಾಡ್ತಿದ್ರಿ, ಮನೆ ಹುಡುಕ್ತಿದೀರಾ ಅಕ್ಕ?” ಯಾವ ಮನೆಗೆ ಮುಂದಿನ ತಿಂಗಳಿನಿಂದ ಹಾಲು ಬೇಡ ಎಂದು ಹೇಳಿದ್ದಾರೆ ಎನ್ನುವುದು ಅವರಿಗೆ ಗೊತ್ತಿರುತ್ತದೆ. ಇಸ್ತ್ರಿ ಅಂಗಡಿಯವರಿಗೂ ಹಾಗೆಯೇ. ಬೋರ್ಡ್ ಏರುವುದಕ್ಕೆ ಹದಿನೈದು ದಿನ ಮೊದಲೇ ಸುದ್ದಿ ಅವರಲ್ಲಿರುತ್ತದೆ. ಇದು ನನಗೆ ಮೊದಲೇ ಹೊಳೆದಿದ್ದರೆ ಐದು ಸಲದ ಬಸ್ ಚಾರ್ಜಾದರೂ ಉಳಿಯುತ್ತಿತ್ತು. ಅವರು ಎರಡು ತಿರುವಿನ ಆಚೆ ಒಂದು ಮನೆ ಹೇಳಿದರು. ಬ್ಯಾಂಕಿನವರೊಬ್ಬರು ವರ್ಗವಾಗಿ ಹೋಗುತ್ತಿದ್ದಾರೆ, ಕೆಳಗೆ ಮನೆಯವರು ಗಂಡ ಹೆಂಡತಿ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ.

ಆ ಮನೆಯ ಅಜ್ಜಿಯೂ ಕೇಳಿದರು, ಆದರೆ ಬೇರೆ ಪ್ರಶ್ನೆ. “ರಾತ್ರಿ ನೀವಿಬ್ರೇನಾ? ಹೆದ್ರಿಕೆ ಆಗಲ್ವಾ? ಏನಾದ್ರೂ ಆದ್ರೆ ಮೆಟ್ಲಿಂದ ಒಂದು ಕೂಗು ಹಾಕಿ ಸಾಕು.” ಮೀನಿನ ಮಾತು ನಾನೇ ತೆಗೆದೆ, ಆಮೇಲೆ ಗೊತ್ತಾಗಿ ಮಾತು ಬರುವುದು ಬೇಡ ಎಂದು. ಅವರು ನಕ್ಕು, “ನಮ್ಮನೇಲಿ ಭಾನುವಾರ ಅದಿಲ್ದೆ ಇವರು ಊಟಕ್ಕೇ ಕೂರಲ್ಲ” ಎಂದರು.

ಒಪ್ಪುವುದಕ್ಕೆ ಮೊದಲು ಎರಡು ಕೆಲಸ ಮಾಡಿದೆ. ಒಂದು, ಗೋಡೆ ನೋಡಿದ್ದು. ಮಲೆನಾಡಿನವರಿಗೆ ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಎಂದು ಹೇಳಿಕೊಡಬೇಕಿಲ್ಲ. ಪಡುವಣ ಗೋಡೆಗೆ ಕೈಯಿಟ್ಟು ನೋಡಿದೆ, ಬೀರು ಸರಿಸಿ ಹಿಂದೆ ನೋಡಿದೆ, ಬಚ್ಚಲುಮನೆಯ ಮಗ್ಗುಲಿನ ಗೋಡೆಯಲ್ಲಿ ಬಣ್ಣ ಉಬ್ಬಿದೆಯೇ ನೋಡಿದೆ. ಹೊಸ ಬಣ್ಣ ಹೊಡೆದ ಮನೆಯಲ್ಲಿ ತೇವ ಕಾಣುವುದಿಲ್ಲ. ಇನ್ನೂ ಬಣ್ಣ ಹೊಡೆಸದ ಮನೆ ಸಿಕ್ಕಿದ್ದು ಒಳ್ಳೆಯದೇ ಆಯಿತು. ತಾರಸಿಯ ಮೇಲೆ ಶೀಟ್ ಇತ್ತು, ಮಳೆಗಾಲದಲ್ಲಿ ಯೂನಿಫಾರಂ ಒಣಗಿಸಲು ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಕುಡಿಯುವ ನೀರು ತುಂಗೆಯದು, ಬಳಕೆಗೆ ಬೋರ್ ಇತ್ತು, ಮೀಟರ್ ಬೇರೆ ಇತ್ತು.

ಇನ್ನೊಂದು, ದಾರಿ ನಡೆದದ್ದು. ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ, ಮಗಳ ಬ್ಯಾಗಿಗೆ ಪುಸ್ತಕ ತುಂಬಿ ನನ್ನ ಹೆಗಲಿಗೆ ಹಾಕಿಕೊಂಡು ಆ ಮನೆಯ ಗೇಟಿನಿಂದ ಶಾಲೆಯ ಗೇಟಿನವರೆಗೆ ನಡೆದೆ. ಹದಿನಾಲ್ಕು ನಿಮಿಷ. ಸಂಜೆ ನಾಲ್ಕೂವರೆಗೆ ಅದೇ ದಾರಿಯಲ್ಲಿ ವಾಪಸ್ ಬಂದೆ, ಆಗ ಹದಿನೆಂಟು. ಬೆಳಿಗ್ಗೆ ಸುಮ್ಮನಿದ್ದ ದೊಡ್ಡ ರಸ್ತೆ ಸಂಜೆ ದಾಟುವುದೇ ಕಷ್ಟ, ಬಸ್ಸು ಬೈಕು ಎರಡು ಕಡೆಯಿಂದಲೂ ನುಗ್ಗುತ್ತವೆ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಎಷ್ಟೋ ರಸ್ತೆಗಳಿಗೆ ಫುಟ್‌ಪಾತ್ ಬಂದಿದೆ, ಆದರೆ ಅದರ ಮೇಲೆ ಬೈಕು ನಿಂತಿದ್ದರೆ ಮಕ್ಕಳು ಇಳಿದು ರಸ್ತೆಯಲ್ಲೇ ನಡೆಯಬೇಕು. ಇದಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಶಾಲೆ ಬಿಡುವ ಅರ್ಧ ಗಂಟೆಯಾದರೂ ಆ ಜಾಗ ಮಕ್ಕಳದ್ದಾಗಬೇಕು. ಇಸ್ತ್ರಿ ಅಂಗಡಿ ಪಕ್ಕದ ಓಣಿಯಿಂದ ಬಳಸಿ ಹೋದರೆ ಪೊಲೀಸರು ನಿಲ್ಲುವ ಸರ್ಕಲ್ಲಿನಲ್ಲೇ ರಸ್ತೆ ದಾಟಬಹುದು, ಮೂರು ನಿಮಿಷ ಜಾಸ್ತಿ ಅಷ್ಟೇ ಎಂದು ಕಂಡುಕೊಂಡೆ. ಮಗಳಿಗೆ ಆ ದಾರಿಯನ್ನೇ ಕಲಿಸಿದೆ.

ಬಾಡಿಗೆ ಒಂಬತ್ತೂವರೆ ಸಾವಿರ, ಅಡ್ವಾನ್ಸ್ ಎಪ್ಪತ್ತು. ಕರಾರು ಪತ್ರಕ್ಕೆ ಇ-ಸ್ಟಾಂಪ್ ಕಾಗದವನ್ನು ಹತ್ತಿರದ ಸೌಹಾರ್ದ ಸಹಕಾರಿಯಲ್ಲೇ ಕೊಟ್ಟರು. ಎಲ್ಲರ ಹಾಗೆ ಹನ್ನೊಂದು ತಿಂಗಳ ಕರಾರು. ಅದೇ ಪತ್ರ ಬರಹಗಾರರ ಹತ್ತಿರ ಹೋಗಿ ಬರೆಸಿದೆ. ಮೇ 15ಕ್ಕೆ ಶುರುವಾದರೆ ಏಪ್ರಿಲ್ 14ಕ್ಕೆ ಮುಗಿಯುತ್ತದೆ, ವಾರ್ಷಿಕ ಪರೀಕ್ಷೆ ಅಷ್ಟರಲ್ಲಿ ಆಗಿರುತ್ತದೆ. ಮನೆ ಬೇಕಾದರೆ ಎರಡು ತಿಂಗಳು ಮೊದಲು ತಿಳಿಸಬೇಕು, ಪರೀಕ್ಷೆ ಮುಗಿಯುವ ಮೊದಲು ಖಾಲಿ ಮಾಡಿಸಬಾರದು ಎಂಬ ಸಾಲನ್ನು ನಾನು ಕೇಳಿ ಹಾಕಿಸಿದೆ. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂದೂ ಬರೆಸಿದೆವು. ಅಜ್ಜ ಓದಿ ನೋಡಿ, “ಪರೀಕ್ಷೆ ಸಾಲು ಒಳ್ಳೇದು” ಎಂದು ಸಹಿ ಹಾಕಿದರು.

ಕರೆಂಟಿನದು ಒಂದು ತೊಡಕಾಯಿತು. ಗೃಹಜ್ಯೋತಿ ಬಾಡಿಗೆಯವರಿಗೂ ಇದೆ, ಆದರೆ ಆ ಮನೆಯ ಕರೆಂಟ್ ಮೀಟರಿನ ಆರ್.ಆರ್. ನಂಬರಿಗೆ ಹಿಂದಿನ ಬಾಡಿಗೆಯವರ ಆಧಾರ್ ಜೋಡಣೆಯಾಗಿತ್ತು. ಅವರು ಬಿಟ್ಟುಹೋಗುವಾಗ ಅದನ್ನು ತೆಗೆಸಿರಲಿಲ್ಲ. ಫೋನ್ ಮಾಡಿ, ಅವರ ಮೊಬೈಲಿಗೆ ಬಂದ ಒಟಿಪಿ ಪಡೆದು ತೆಗೆಸುವಷ್ಟರಲ್ಲಿ ಮೊದಲ ತಿಂಗಳ ಬಿಲ್ ಪೂರ್ತಿ ಕಟ್ಟಬೇಕಾಯಿತು. ಒಬ್ಬರ ಹೆಸರಿಗೆ ಒಂದೇ ಮೀಟರ್. ಊರಿನ ಮನೆಯದು ಅತ್ತೆಯ ಆಧಾರಿನಲ್ಲಿದ್ದ ಕಾರಣ ಇಲ್ಲಿಯದು ನನ್ನದಕ್ಕೆ ಆಯಿತು. ಮನೆ ನೋಡುವಾಗಲೇ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮೇ 18ರ ಭಾನುವಾರ ಪಿಕಪ್‌ನಲ್ಲಿ ಸಾಮಾನು ತಂದು ಹಾಲು ಉಕ್ಕಿಸಿದೆವು. ಆಷಾಢ ಜೂನ್ ಕೊನೆಗೇ ಇದ್ದರೂ ಮೇ ಹೊತ್ತಿಗೇ ಎಲ್ಲರೂ ಮನೆ ಹಿಡಿಯುತ್ತಾರೆ, ನಾವು ಇನ್ನೊಂದು ವಾರ ತಡೆದಿದ್ದರೂ ಕಷ್ಟವಿತ್ತು. ಮಳೆಯೂ ಆ ವರ್ಷ ಕಾಯಲಿಲ್ಲ. ಮೇ 24ಕ್ಕೇ ಮುಂಗಾರು ಕೇರಳಕ್ಕೆ ಬಂತು, ಹಿಂದೆಯೇ ನಮ್ಮ ಕಡೆಗೂ. 29ಕ್ಕೆ ಶಾಲೆ ಶುರುವಾಗುವಾಗ ಮಗಳು ಕೊಡೆ ಹಿಡಿದೇ ಹೋದಳು. ಅಷ್ಟರಲ್ಲಿ ನಮ್ಮನೆಯವರು ಊರಿಗೆ ಹೋಗಿಯಾಗಿತ್ತು. ತೋಟಕ್ಕೆ ಔಷಧಿ ಹೊಡೆಯಲು ಮಳೆ ಹೊಳವಾಗುವುದನ್ನೇ ಕಾಯುತ್ತಿದ್ದರು.

ಜೂನ್ ಎರಡನೇ ವಾರದ ಒಂದು ಸಂಜೆ ನಾಲ್ಕಕ್ಕೆ ಕವಿದುಕೊಂಡದ್ದು ಐದಾದರೂ ಬಿಡಲಿಲ್ಲ. ಎದುರಿನ ಚರಂಡಿ ತುಂಬಿ ರಸ್ತೆಗೆ ಬಂದಿತ್ತು. ನಾಲ್ಕು ಐವತ್ತರವರೆಗೆ ಬಾಲ್ಕನಿಯಲ್ಲಿ ನಿಂತೆ, ಆಮೇಲೆ ಕೊಡೆ ತೆಗೆದುಕೊಂಡು ಮೆಟ್ಟಿಲಿಳಿಯುತ್ತಿದ್ದೆ. ಫೋನ್ ಬಂತು. ಹಾಲಿನ ಬೂತಿನವರು.

“ಅಕ್ಕ, ನಿಮ್ ಹುಡ್ಗಿ ಇಲ್ಲೇ ಒಳಗೆ ಕೂತಿದಾಳೆ. ಮಳೆ ಕಮ್ಮಿಯಾದ್ಮೇಲೆ ಕಳಿಸ್ತೀನಿ, ನೀವು ಬರ್ಬೇಡಿ.”

ಬಚ್ಚಲಲ್ಲಿ ನೀರು ಕಾಯಲು ಇಟ್ಟು, ನಮ್ಮನೆಯವರಿಗೆ ಫೋನ್ ಮಾಡಿದೆ. ಅಲ್ಲೂ ಜೋರು ಮಳೆ, ಹಂಚಿನ ಮೇಲಿನ ಸದ್ದು ಫೋನಿನಲ್ಲಿ ಕೇಳುತ್ತಿತ್ತು. “ಬಂದ್ಲಾ?” ಎಂದು ಕೇಳಿದರು. ಬೂತಿನಲ್ಲಿದ್ದಾಳೆ, ಬರುತ್ತಾಳೆ ಎಂದೆ. ಐದೂಕಾಲಿಗೆ ಕೆಳಗಿನ ಗೇಟು ಸದ್ದಾಯಿತು.